ಶೋಕದ ಮನೆಯೂ ದಲ್ಲಾಳಿಯ ಧರ್ಮವೂ

1920ರ ದಶಕದಲ್ಲಿ ಬಡಾವಣೆಯಾಗಿ ರೂಪುಗೊಂಡ ತ್ಯಾಗರಾಯನಗರವು ಒಂದು ಕಾಲಕ್ಕೆ ಅಂಗಳ, ಬಾವಿ, ತೆಂಗಿನ ಮರಗಳುಳ್ಳ ಒಂಟಿ ಮನೆಗಳ ಪ್ರದೇಶವಾಗಿತ್ತು. ಪಾನಗಲ್ ಉದ್ಯಾನದ ಸುತ್ತಲಿನ ಬೀದಿಗಳಲ್ಲಿ ಇಂದು ಅಂಥ ಮನೆಗಳು ವಿರಳ. ಉಳಿದವುಗಳಲ್ಲಿ ಕಟ್ಟಡಕ್ಕಿಂತ ನೆಲಕ್ಕೇ ಬೆಲೆ ಹೆಚ್ಚು. ಆದ್ದರಿಂದಲೇ ಮನೆಯ ಹಿರಿಯರು ದಿವಂಗತರಾದ ವಾರ್ತೆ ಪತ್ರಿಕೆಯಲ್ಲಿ ಬಂದೊಡನೆ, ಉತ್ತರಕ್ರಿಯೆಗಳು ಮುಗಿಯುವ ಮುನ್ನವೇ, ದಲ್ಲಾಳಿಗಳು ಬಾಗಿಲಿಗೆ ಬರುವುದುಂಟು. ಮನೆ ಮಾರಿಸಿಕೊಡುವುದು ಗೌರವದ ವೃತ್ತಿಯೇ ಸರಿ. ಆದರೆ ಅದಕ್ಕೂ ಕಾಲ, ಮಿತಿಗಳಿರಬೇಕಲ್ಲವೇ?

ಶೋಕವು ಮನಸ್ಸಿಗಷ್ಟೇ ಸೀಮಿತವಾದುದಲ್ಲ. ನಿದ್ರೆ ಕೆಡುತ್ತದೆ, ಹಸಿವು ಕುಗ್ಗುತ್ತದೆ, ಚಿತ್ತವು ಒಂದೆಡೆ ನಿಲ್ಲದು. 1872ರ ಭಾರತೀಯ ಕರಾರು ಕಾಯಿದೆಯೂ ಇದನ್ನು ಬಲ್ಲದು. ವಯಸ್ಸು, ಕಾಯಿಲೆ, ಮಾನಸಿಕ ಅಥವಾ ದೈಹಿಕ ಯಾತನೆಯಿಂದ ತಾತ್ಕಾಲಿಕವಾಗಿಯಾದರೂ ಬುದ್ಧಿಶಕ್ತಿ ಕುಂದಿದವರೊಡನೆ ಕರಾರು ಮಾಡಿಕೊಂಡು ಅನ್ಯಾಯದ ಲಾಭ ಪಡೆಯುವುದನ್ನು ಅದರ 16ನೆಯ ಕಲಮು 'ಅನುಚಿತ ಪ್ರಭಾವ'ವೆಂದು ಪರಿಗಣಿಸುತ್ತದೆ. ಅಂಥ ಕರಾರನ್ನು ರದ್ದುಪಡಿಸಿಕೊಳ್ಳಲು ಅವಕಾಶವಿದೆ. ಆದರೆ ನ್ಯಾಯಾಲಯದ ದಾರಿ ದೀರ್ಘವಾದುದು. 2016ರ ಸ್ಥಿರಾಸ್ತಿ ಕಾಯಿದೆಯು ದಲ್ಲಾಳಿಗಳ ನೋಂದಣಿಯನ್ನು ಕಡ್ಡಾಯಗೊಳಿಸಿದ್ದರೂ ಅದರ ದೃಷ್ಟಿ ಮುಖ್ಯವಾಗಿ ಹೊಸ ಯೋಜನೆಗಳ ಮೇಲಿದೆ. ಪಿತ್ರಾರ್ಜಿತ ಹಳೆಯ ಮನೆಯ ವಿಷಯದಲ್ಲಿ ವೃತ್ತಿಧರ್ಮವೇ ಮೊದಲ ಕಾವಲು.

ಆ ಧರ್ಮದ ಮೊದಲ ನಿಯಮ ಕಾಯುವುದು. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಅಪಘಾತಕ್ಕೀಡಾದವರಿಗೂ ಅವರ ಬಂಧುಗಳಿಗೂ ವಕೀಲರು 30 ದಿನಗಳವರೆಗೆ ವ್ಯವಹಾರ ಕೋರಿ ಪತ್ರ ಬರೆಯಬಾರದೆಂಬ ನಿಯಮವನ್ನು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಎತ್ತಿಹಿಡಿಯಿತು. ನಮ್ಮಲ್ಲಿ ಹದಿಮೂರನೆಯ ದಿನದ ಶುಭಸ್ವೀಕಾರದವರೆಗಾದರೂ ಮೌನವಾಗಿರುವುದು ಕನಿಷ್ಠ ಮರ್ಯಾದೆ.

ಎರಡನೆಯದು, ವಾರಸುದಾರರಲ್ಲಿ ಒಬ್ಬರನ್ನೇ ಪ್ರತ್ಯೇಕಿಸಿ ಒಲಿಸಿಕೊಳ್ಳದಿರುವುದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲು ಬರೆಯದೆ ತೀರಿಕೊಂಡ ಪುರುಷನ ಸ್ವಂತ ಆಸ್ತಿಯಲ್ಲಿ ಪತ್ನಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲುಂಟು. ಮೃತರು ಕೊಟ್ಟಿದ್ದ ಅಧಿಕಾರಪತ್ರವೂ ಸಾಮಾನ್ಯವಾಗಿ ಅವರ ಮರಣದೊಡನೆಯೇ ಕೊನೆಗೊಳ್ಳುತ್ತದೆ. ಮೂರನೆಯದು, ಕೊಳ್ಳುವವನು ತಾನೇ ಆಗಿದ್ದರೆ ಅಥವಾ ತನ್ನವನಾಗಿದ್ದರೆ ಅದನ್ನು ಬಚ್ಚಿಡದಿರುವುದು.

ಕುಟುಂಬದವರ ಎಚ್ಚರಿಕೆಯೂ ಅಗತ್ಯ. ಆಸ್ಪತ್ರೆಯ ಬಾಕಿ, ಕ್ರಿಯೆಗಳ ವೆಚ್ಚ ಇವೇ ಆತುರಕ್ಕೆ ಕಾರಣವಾಗುವುದು ಸಾಮಾನ್ಯ. ಆದರೆ ನಾಮನಿರ್ದೇಶನವಿರುವ ಠೇವಣಿಗಳ ಹಣವನ್ನು, ದಾಖಲೆಗಳು ಸಲ್ಲಿಕೆಯಾದ 15 ದಿನಗಳೊಳಗೆ ಬ್ಯಾಂಕು ಕೊಡಬೇಕು. ನಾಮನಿರ್ದೇಶಿತರು ಅದನ್ನು ವಾರಸುದಾರರ ಪರವಾಗಿ ಪಡೆಯುವವರೇ ಹೊರತು ಒಡೆಯರಲ್ಲ ಎಂಬುದು ನೆನಪಿರಲಿ. ಜೀವವಿಮೆಯಿದ್ದರೆ ಅದನ್ನೂ ಕೇಳಬಹುದು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ, ತಾಲ್ಲೂಕು ಕಚೇರಿಯಿಂದ ವಾರಸುದಾರರ ಪ್ರಮಾಣಪತ್ರ ಪಡೆದು, ಮನೆಯ ಮೇಲಿನ ಋಣಭಾರವನ್ನು ತಿಳಿದುಕೊಳ್ಳುವವರೆಗೆ ಯಾರಿಂದಲೂ ಮುಂಗಡ ಸ್ವೀಕರಿಸುವುದಾಗಲಿ, ಕಾಗದಕ್ಕೆ ಸಹಿ ಹಾಕುವುದಾಗಲಿ ತರವಲ್ಲ. ಬಂದವರ ಹೆಸರು, ವಿಳಾಸ ಬರೆದಿಟ್ಟುಕೊಂಡು, ಮಕ್ಕಳೆಲ್ಲ ಸೇರಿದಾಗ ತಿಳಿಸುವೆವೆಂದು ಹೇಳಿ ಕಳುಹಿಸಿದರೆ ಸಾಕು.

ಆ ಮಾತುಕತೆಯಲ್ಲಿ ಬೆಲೆಗಿಂತ ಮೊದಲು ನಿಶ್ಚಯವಾಗಬೇಕಾದುದೊಂದಿದೆ: ಮನೆ ಮಾರಾಟವಾದ ಬಳಿಕ ತಾಯಿ ಎಲ್ಲಿ, ಯಾರೊಡನೆ ಇರುತ್ತಾರೆ, ಅವರ ಪಾಲಿನ ಹಣ ಯಾರ ಹೆಸರಿನಲ್ಲಿರುತ್ತದೆ? ಇದನ್ನು ತಾನಾಗಿಯೇ ಕೇಳುವ ದಲ್ಲಾಳಿಗೆ ಆ ಮನೆಯ ವ್ಯವಹಾರವನ್ನು ನಂಬಿ ಒಪ್ಪಿಸಬಹುದು.