ಗುಡ್ಡದ ಸೈಕಲ್ಲಿಗೆ ಆರೈಕೆ ಮೊದಲು, ಹೊಸ ಭಾಗ ಆಮೇಲೆ

ಸದಸ್ಯ ಬಾಂಧವರ ಮನೆಗಳಲ್ಲಿ ಈಚೆಗೆ ಹೊಸದೊಂದು ಬೇಡಿಕೆ ಕೇಳಿಬರುತ್ತಿದೆ. ಕಾಲೇಜಿಗೆ ಹೋಗುವ ಮಗನೋ ಮಗಳೋ ಗುಡ್ಡ ಹತ್ತಿ ಇಳಿಯಲು ‘ಮೌಂಟೇನ್ ಬೈಕ್’ ಬೇಕೆನ್ನುತ್ತಾರೆ. ಅದೂ ಮುಂದೆ ಹಿಂದೆ ಎರಡು ಕಡೆಯೂ ಷಾಕ್ ಅಬ್ಸಾರ್ಬರ್ ಇರುವಂಥದು. ಹೆಸರು ಬೈಕೆಂದಿದ್ದರೂ ಇದು ಎಂಜಿನ್ನಿಲ್ಲದ, ಪೆಡಲು ತುಳಿಯುವ ಸೈಕಲ್ಲೇ. ಒಳ್ಳೆಯ ತಯಾರಿಕೆಯದಾದರೆ ಬೆಲೆ ಲಕ್ಷ ರೂಪಾಯಿಯನ್ನು ದಾಟುತ್ತದೆ. ಎರಡು ಮೂರು ಎಕರೆಯ ಹಿಡುವಳಿದಾರನಿಗೆ ಇದು ಸಣ್ಣ ಮೊತ್ತವಲ್ಲ. ಕೊಂಡ ಮೇಲೂ ಖರ್ಚು ನಿಲ್ಲುವುದಿಲ್ಲ; ಗೇರು ಬದಲಿಸಬೇಕು, ಫೋರ್ಕು ಬದಲಿಸಬೇಕು ಎಂಬ ಒತ್ತಾಯ ಮುಂದುವರಿಯುತ್ತದೆ. ಹಣಕ್ಕಿಂತ ಮಿಗಿಲಾದ ಮಾತೂ ಒಂದುಂಟು. ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟರೆ ಪೆಟ್ಟು ಬೀಳುವುದು ನಮ್ಮ ಮಕ್ಕಳಿಗೇ.

ಕೊಳೆರೋಗ, ಕಾಯಿಕೊರಕಗಳ ವಿಚಾರ ಓದುವ ಈ ಪುಟದಲ್ಲಿ ಸೈಕಲ್ಲಿನ ಮಾತೇಕೆಂದು ಕೆಲವರು ಕೇಳಬಹುದು. ಯಂತ್ರದ ಆರೈಕೆ ನಮಗೆ ಹೊಸದಲ್ಲ. ಔಷಧಿ ಹೊಡೆಯುವ ಪಂಪಿನ ವಾಷರು, ಪಲ್ಪರಿನ ಬೇರಿಂಗು ಇವುಗಳನ್ನು ಕಾಲಕಾಲಕ್ಕೆ ನೋಡಿಕೊಳ್ಳುವವನಿಗೆ ಈ ಸೈಕಲ್ಲೂ ಅರ್ಥವಾಗುತ್ತದೆ.

ವಿವರಣೆಗೆ ನಾವು ಆರಿಸಿಕೊಂಡಿರುವುದು ನಮ್ಮ ತೋಟಗಳ ಸೀಮೆಯನ್ನಲ್ಲ. ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳನ್ನು. ಪಶ್ಚಿಮದಿಂದ ಪೂರ್ವಕ್ಕೆ ಸಾಗಿದರೆ ಮಲೆನಾಡಿನ ಸೆರಗು, ಎರೆಹೊಲ, ಕಲ್ಲುಗುಡ್ಡ, ಬಯಲಿನ ಧೂಳು ಒಂದಾದ ಮೇಲೊಂದು ಎದುರಾಗುತ್ತವೆ. ಸೈಕಲ್ಲನ್ನು ಕೆಡಿಸುವ ನಾಲ್ಕು ಬಗೆಯ ನೆಲವನ್ನೂ ಇಲ್ಲಿ ಒಂದೇ ದಾರಿಯಲ್ಲಿ ಕಾಣಬಹುದು. ಈ ಭಾಗಕ್ಕೆ ಸೈಕಲ್ ಹೊಸದೂ ಅಲ್ಲ. ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ಕ್ರೀಡಾಶಾಲೆಯಿದೆ. ನೆರೆಯ ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಸೈಕಲ್ ಪಟುಗಳಿಗೆ ಹೆಸರಾದವು. 2023ರಲ್ಲಿ ಗದಗ ಜಿಲ್ಲೆಯಲ್ಲಿ ರಾಷ್ಟ್ರಮಟ್ಟದ ಮೌಂಟೇನ್ ಬೈಕ್ ಸ್ಪರ್ಧೆಯೇ ನಡೆಯಿತು.

ಕೊಳ್ಳುವ ಮುನ್ನ

ಪೇಟೆಯ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ‘ಡಬಲ್ ಷಾಕ್’ ಸೈಕಲ್ಲುಗಳು ಸಿಗುತ್ತವೆ. ಚೌಕಟ್ಟಿನ ನಡುವೆ ದಪ್ಪನೆಯ ಸ್ಪ್ರಿಂಗು ಕಾಣುತ್ತದೆ. ಆದರೆ ಇಂಥವುಗಳಲ್ಲಿ ಸಾಮಾನ್ಯವಾಗಿ ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುವ ಎಣ್ಣೆಯ ಡ್ಯಾಂಪರ್ ಇರುವುದಿಲ್ಲ. ತುಳಿದ ಶಕ್ತಿಯೆಲ್ಲ ಸ್ಪ್ರಿಂಗು ಕುಣಿಸುವುದರಲ್ಲೇ ಕಳೆದುಹೋಗುತ್ತದೆ, ಕಲ್ಲಿನ ಮೇಲೆ ಚಕ್ರ ಪುಟಿಯುತ್ತದೆ. ಇಂಥ ಸೈಕಲ್ಲಿಗೆ ಬೆಲೆಬಾಳುವ ಭಾಗ ಹಾಕುವುದು ಸತ್ತ ಸಸಿಗೆ ಗೊಬ್ಬರ ಹಾಕಿದಂತೆ. ಆ ಹಣಕ್ಕೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ, ಡಿಸ್ಕ್ ಬ್ರೇಕಿನ, ಗಟ್ಟಿ ಚೌಕಟ್ಟಿನ ಸೈಕಲ್ಲು ಎಷ್ಟೋ ಮೇಲು.

ನಿಜವಾದ ಟ್ರೇಲ್ ಸೈಕಲ್ಲಿನಲ್ಲಿ ಚಕ್ರ ಮೇಲೆ ಕೆಳಗೆ ಆಡುವ ಅಂತರ ಸಾಮಾನ್ಯವಾಗಿ 120ರಿಂದ 150 ಮಿಲಿಮೀಟರ್. ಮುಂದೆ ಫೋರ್ಕು, ಹಿಂದೆ ಷಾಕು; ಬಹುಪಾಲು ಎರಡರಲ್ಲೂ ಸ್ಪ್ರಿಂಗಿನ ಬದಲು ಒತ್ತಿದ ಗಾಳಿ. ಹಿಂದಿನ ತೋಳು ಚೌಕಟ್ಟಿಗೆ ಹಲವು ಕೀಲುಗಳಲ್ಲಿ ಜೋಡಣೆಯಾಗಿರುತ್ತದೆ. ಸಾಮಾನ್ಯವಾಗಿ ಪ್ರತಿ ಕೀಲಿನೊಳಗೂ ಮುಚ್ಚಿದ ಬೇರಿಂಗು. ಸೀಲು, ಎಣ್ಣೆ, ಬೇರಿಂಗು ಈ ಮೂರು ಚೆನ್ನಾಗಿದ್ದರೆ ಸೈಕಲ್ಲು ಚೆನ್ನಾಗಿರುತ್ತದೆ.

ಕಿತ್ತೂರು: ಮಳೆ ಮತ್ತು ಸೀಲು

1824ರ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಸೈನ್ಯ ಕಂಪನಿ ಸರ್ಕಾರದ ಥ್ಯಾಕರೆಯ ಪಡೆಯನ್ನು ಸೋಲಿಸಿದ ಊರಿದು. ಕೆಮ್ಮಣ್ಣು, ಮುಂಗಾರಿನ ಜಡಿಮಳೆ ಎರಡೂ ನಮ್ಮ ತೋಟದ ದಾರಿಗಳಿಗೆ ಹತ್ತಿರವಾದವು. ಇಲ್ಲಿನ ಶತ್ರು ನೀರು.

ಫೋರ್ಕಿನ ಹೊಳೆಯುವ ಕೊಳವೆ ಕೆಳಗಿನ ಕಾಲಿನೊಳಗೆ ಜಾರುವ ಕಡೆ ರಬ್ಬರಿನ ಸೀಲು, ಅದರ ಕೆಳಗೆ ಎಣ್ಣೆ ಹೀರಿದ ಸ್ಪಂಜಿನ ಉಂಗುರ ಇರುತ್ತವೆ. ಕೆಳಗಿನ ಕಾಲುಗಳಲ್ಲಿ ಸ್ವಲ್ಪವೇ ಎಣ್ಣೆ. ಸೀಲಿನ ಮೂಲಕ ನೀರು ಒಳಗೆ ನುಸುಳಿದರೆ ಈ ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ, ಜಾರಿಕೆ ಕಡಿಮೆಯಾಗುತ್ತದೆ, ಹೊಳೆಯುವ ಕೊಳವೆಗೆ ಗೀರು ಬೀಳುತ್ತದೆ. ಒಮ್ಮೆ ಗೀರು ಬಿದ್ದರೆ ಎಷ್ಟು ಹೊಸ ಸೀಲು ಹಾಕಿದರೂ ಎಣ್ಣೆ ಸೋರುವುದು ತಪ್ಪದು. ಎಣ್ಣೆ, ಸೀಲುಗಳ ಬೆಲೆ ಹೊಸ ಫೋರ್ಕಿನ ಬೆಲೆಯ ಮುಂದೆ ಅತ್ಯಲ್ಪ.

ರಾಕ್‌ಷಾಕ್ಸ್ ಕಂಪನಿ ಈ ಕೆಳಕಾಲಿನ ಎಣ್ಣೆ ಬದಲಿಸಲು 50 ಗಂಟೆಗಳ ಸವಾರಿಯ ಲೆಕ್ಕ ಹೇಳುತ್ತದೆ. ಫಾಕ್ಸ್ ಕಂಪನಿ ಪೂರ್ಣ ಸರ್ವಿಸಿಗೆ 125 ಗಂಟೆ ಅಥವಾ ವರ್ಷಕ್ಕೊಮ್ಮೆ ಎನ್ನುತ್ತದೆ. ಮಳೆಯಲ್ಲಿ ಓಡಿಸುವವರು ಈ ಗಡುವನ್ನು ಮೊಟಕು ಮಾಡಿಕೊಳ್ಳುವುದು ಲೇಸು. ಕೊಳೆ ಕಾಣಿಸಿದ ಮೇಲೆ ಬೋರ್ಡೋ ಹೊಡೆದರೆ ಏನಾಗುವುದೆಂದು ಬೆಳೆಗಾರನಿಗೆ ಹೇಳಬೇಕಾಗಿಲ್ಲ. ಸೀಲಿನ ವಿಚಾರವೂ ಅಷ್ಟೇ. ಎಣ್ಣೆಯ ಬಗೆ ಮತ್ತು ಅಳತೆಯನ್ನು ಆಯಾ ಕಂಪನಿಯ ಕೈಪಿಡಿಯಂತೆಯೇ ಹಾಕಬೇಕು. ಕೊಬ್ಬರಿ ಎಣ್ಣೆ, ಎಂಜಿನ್ ಆಯಿಲ್, ಸೀಮೆಎಣ್ಣೆ ಇವನ್ನು ಸೀಲಿನ ಹತ್ತಿರಕ್ಕೂ ತರಬಾರದು.

ವಾಹನ ತೊಳೆಯುವ ಕಡೆ ಒತ್ತಡದ ನೀರು ಬಿಡಿಸುವುದು ಇನ್ನೊಂದು ಕೆಟ್ಟ ಅಭ್ಯಾಸ. ಆ ನೀರು ಸೀಲು, ಬೇರಿಂಗುಗಳ ಒಳಹೊಕ್ಕು ಗ್ರೀಸನ್ನು ಕೆಡಿಸುತ್ತದೆ. ಬಕೆಟ್ಟು, ಬಟ್ಟೆ, ಮೆದು ಬ್ರಷ್ಷು ಸಾಕು.

ಬೈಲಹೊಂಗಲ: ಎರೆಮಣ್ಣು ಮತ್ತು ಕೀಲು

ಬೈಲಹೊಂಗಲದ ಎರೆಹೊಲದಲ್ಲಿ ಒಂದು ಹದ ಮಳೆ ಬಿದ್ದರೆ ಚಪ್ಪಲಿಯೇ ಮೇಲೇಳುವುದಿಲ್ಲ. ಸೈಕಲ್ಲಿನ ಗತಿಯೂ ಅದೇ. ಅಂಟುಮಣ್ಣು ಟಯರಿಗೂ ಚೌಕಟ್ಟಿಗೂ ನಡುವೆ ಮೆತ್ತಿ ಚಕ್ರ ಕಚ್ಚಿಕೊಳ್ಳುತ್ತದೆ. ಆಗ ಬಲ ಹಾಕಿ ತುಳಿದರೆ ಗೇರು ಬದಲಿಸುವ ಡಿರೇಲರ್ ತಿರುಚಿ ಕಡ್ಡಿಗಳೊಳಕ್ಕೆ ಹೋಗಬಹುದು. ಡಿರೇಲರನ್ನು ಚೌಕಟ್ಟಿಗೆ ಹಿಡಿದಿರುವ ಹ್ಯಾಂಗರ್ ಎಂಬ ಮೆದು ಅಲ್ಯುಮಿನಿಯಂ ತುಂಡು ಬಾಗಲೆಂದೇ ಮಾಡಿದ್ದು. ಚೌಕಟ್ಟು ಮುರಿಯುವ ಬದಲು ಅದು ಮುರಿಯುತ್ತದೆ. ಹಲವು ಸೈಕಲ್ಲುಗಳಲ್ಲಿ ಚೌಕಟ್ಟಿನಿಂದ ಚೌಕಟ್ಟಿಗೆ ಇದರ ಆಕಾರ ಬೇರೆ. ಸೈಕಲ್ಲು ಕೊಳ್ಳುವಾಗಲೇ ಒಂದು ಹೆಚ್ಚಿನ ಹ್ಯಾಂಗರ್ ಕೊಂಡಿಟ್ಟುಕೊಂಡರೆ ಮುಂದೆ ವಾರಗಟ್ಟಲೆ ಕಾಯುವುದು ತಪ್ಪುತ್ತದೆ.

ಎರೆ ಹಸಿಯಿದ್ದಾಗ ಇಳಿದು ಹೊತ್ತು ನಡೆಯುವುದೇ ಸರಿ. ಮೆತ್ತಿದ ಮಣ್ಣು ಅರೆ ಒಣಗಿದ ಮೇಲೆ ಬಿದಿರಿನ ಚಕ್ಕೆಯಿಂದ ಕೆರೆದು, ಅನಂತರ ತೊಳೆಯಬೇಕು. ಕಬ್ಬಿಣದ ಕತ್ತಿಯಿಂದ ಕೆರೆಯಬಾರದು.

ಪೆಡಲಿನ ಅಚ್ಚಿನ ಹಿಂದಿರುವ ಕೀಲಿನಲ್ಲಿ ಈ ಮಣ್ಣು ಹೆಚ್ಚಾಗಿ ಕೂರುತ್ತದೆ. ಕೀಲು ಸವೆದಿದೆಯೇ ಎಂದು ಮನೆಯಲ್ಲೇ ನೋಡಬಹುದು. ಒಬ್ಬರು ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿರಲಿ. ಇನ್ನೊಬ್ಬರು ಹಿಂದಿನ ಚಕ್ರವನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಲಿ. ಕೀಲಿನ ಮೇಲೆ ಬೆರಳಿಟ್ಟರೆ ಸಡಿಲ ತಿಳಿಯುತ್ತದೆ. ಸೀಟು ಹಿಡಿದು ಮೆಲ್ಲಗೆ ಎತ್ತಿದಾಗ ‘ಟಕ್’ ಎಂದರೆ ಷಾಕಿನ ಬುಷ್ಷು ಸವೆದಿದೆ. ಬೋಲ್ಟು ಸಡಿಲವಾಗಿದ್ದರೆ ಕೈಪಿಡಿಯಲ್ಲಿ ಕೊಟ್ಟ ನ್ಯೂಟನ್ ಮೀಟರಿನಷ್ಟೇ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು. ಕೈಬಲದಿಂದ ಬಿಗಿದು ಅಲ್ಯುಮಿನಿಯಂ ಮರೆಯನ್ನು ಕೆಡಿಸಿಕೊಂಡರೆ ಚೌಕಟ್ಟೇ ದಂಡ.

ಸವದತ್ತಿ: ಇಳಿಜಾರು ಮತ್ತು ಬ್ರೇಕು

ಸವದತ್ತಿಯಲ್ಲಿ ನೆಲ ಎದ್ದುನಿಲ್ಲುತ್ತದೆ. ಯಲ್ಲಮ್ಮನ ಗುಡ್ಡ, ಪರಸಗಡದ ಕೋಟೆ, ಗುಡ್ಡ ಸೀಳಿ ಮಲಪ್ರಭೆ ಹರಿಯುವ ನವಿಲುತೀರ್ಥದ ಅಣೆಕಟ್ಟು, ಸುತ್ತಲೂ ಕಲ್ಲು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆಯ ದಿನಗಳಲ್ಲಿ ಗುಡ್ಡದ ದಾರಿ ಭಕ್ತರದು. ಸೈಕಲ್ ಸವಾರರು ಆ ಕಡೆ ಸುಳಿಯದಿರುವುದೇ ಮರ್ಯಾದೆ. ಬೇರೆ ದಿನಗಳಲ್ಲೂ ಅರಣ್ಯದ ಜಾಗವಾದರೆ ಇಲಾಖೆಯ ಅನುಮತಿ ಬೇಕು.

ಕಲ್ಲಿನ ಇಳಿಜಾರಿನಲ್ಲಿ ಮೊದಲು ನೋಡಬೇಕಾದದ್ದು ಷಾಕಿನ ಗಾಳಿ. ಸವಾರ ತನ್ನ ಚೀಲ, ಹೆಲ್ಮೆಟ್ಟುಗಳ ಸಮೇತ ಕುಳಿತಾಗ ಹಿಂದಿನ ಷಾಕು ತನ್ನ ಒಟ್ಟು ಚಲನೆಯ ಶೇ. 25ರಿಂದ 30ರಷ್ಟು ಕುಸಿಯಬೇಕು. ಷಾಕಿನ ಚಲನೆ 50 ಮಿ.ಮೀ. ಇದ್ದರೆ 12.5ರಿಂದ 15 ಮಿ.ಮೀ. ಕುಸಿತ ಸರಿ. ಮುಂದಿನ ಫೋರ್ಕಿಗೆ ಶೇ. 20ರ ಸುಮಾರು; ಅಂದರೆ 140 ಮಿ.ಮೀ. ಫೋರ್ಕಿನಲ್ಲಿ 28 ಮಿ.ಮೀ. ಕೊಳವೆಯ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಿಟ್ಟು, ಮೆಲ್ಲಗೆ ಕುಳಿತು ಇಳಿದು, ಉಂಗುರ ಎಷ್ಟು ಸರಿದಿದೆಯೆಂದು ಸ್ಕೇಲಿನಲ್ಲಿ ಅಳೆದರಾಯಿತು. ಗಾಳಿ ತುಂಬಲು ಷಾಕಿನದೇ ಆದ ಸಣ್ಣ ಕೈಪಂಪು ಬೇಕು. ಟಯರಿನ ಪಂಪು ನಡೆಯದು. ಹೊಸ ಫೋರ್ಕು ಬೇಕೆನ್ನುವ ಸವಾರ ಮೊದಲು ಈ ಅಳತೆ ಮಾಡಿ ನೋಡಲಿ. ಕಾಸಿಲ್ಲದೆ ಆಗುವ ಅತಿ ದೊಡ್ಡ ಸುಧಾರಣೆ ಇದೇ.

ಎರಡನೆಯದು ಬ್ರೇಕು. ಈ ಕ್ರೀಡೆ ಹುಟ್ಟಿದ ಕಡೆಯ ಒಂದು ಸಂಗತಿ ಇಲ್ಲಿ ನೆನಪಿಡತಕ್ಕದ್ದು. ಅಮೆರಿಕದ ಕ್ಯಾಲಿಫೋರ್ನಿಯದ ಮೆರಿನ್ ಪ್ರಾಂತದಲ್ಲಿ 1976ರ ಅಕ್ಟೋಬರಿನಲ್ಲಿ ಕೆಲವು ಯುವಕರು ಹಳೆಯ ದಪ್ಪ ಟಯರಿನ ಸೈಕಲ್ಲುಗಳಲ್ಲಿ ಗುಡ್ಡ ಇಳಿಯುವ ಪಂದ್ಯ ಹೂಡಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಬ್ ಬ್ರೇಕು ಇಳಿಯುವಷ್ಟರಲ್ಲಿ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬದೆ ಸೈಕಲ್ಲು ಓಡಿಸುವಂತಿರಲಿಲ್ಲ. ಆ ‘ಮತ್ತೆ ತುಂಬುವ’ ಕೆಲಸದಿಂದಲೇ ಪಂದ್ಯಕ್ಕೂ ದಾರಿಗೂ ‘ರೀಪ್ಯಾಕ್’ ಎಂಬ ಹೆಸರು ನಿಂತಿತು. ಈ ಕ್ರೀಡೆಯ ಮೊದಲ ಪ್ರಸಿದ್ಧ ಪಂದ್ಯಕ್ಕೆ ಹೆಸರು ಬಂದದ್ದೇ ಆರೈಕೆಯಿಂದ.

ಡಿಸ್ಕ್ ಬ್ರೇಕೂ ಕಾಯುತ್ತದೆ. ಇಳಿಜಾರಿನುದ್ದಕ್ಕೂ ಹಿಡಿದೇ ಇರದೆ, ಬಿಗಿಯಾಗಿ ಹಿಡಿದು ಬಿಟ್ಟು ಇಳಿಯಬೇಕು. ಶಿಮಾನೊ ಪ್ಯಾಡಿನ ಪದರ 0.5 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಸ್ರಾಮ್ ಪ್ಯಾಡಾದರೆ ಹಿಂಬದಿಯ ತಗಡೂ ಸೇರಿ 3 ಮಿ.ಮೀ.ಗಿಂತ ತೆಳುವಾಗಬಾರದು. ಬ್ರೇಕಿನ ಎಣ್ಣೆಯಲ್ಲಿ ಎರಡು ಜಾತಿ: ಶಿಮಾನೊಗೆ ಖನಿಜ ತೈಲ, ಸ್ರಾಮ್‌ನ ಹಲವು ಮಾದರಿಗಳಿಗೆ ಡಾಟ್ ದ್ರವ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಒಳಗಿನ ರಬ್ಬರು ಊದಿ ಬ್ರೇಕು ಸಂಪೂರ್ಣ ಕೈಕೊಡಬಹುದು. ಯಾವುದೆಂದು ಲಿವರಿನ ಮುಚ್ಚಳದ ಮೇಲೆ ಬರೆದಿರುತ್ತದೆ, ಓದಿಯೇ ಹಾಕಬೇಕು. ಚೈನಿಗೆ ಎಣ್ಣೆ ಬಿಡುವಾಗ ಡಿಸ್ಕಿಗೆ ಒಂದು ಹನಿಯೂ ಸಿಡಿಯಬಾರದು.

ರಾಮದುರ್ಗ: ಧೂಳು ಮತ್ತು ಮುಳ್ಳು

ರಾಮದುರ್ಗದ ಕಡೆ ಬೇಸಿಗೆಯಲ್ಲಿ ಧೂಳೇ ಅರ. ಎಣ್ಣೆ ಜಿನುಗುವ ಚೈನಿಗೆ ಧೂಳು ಅಂಟಿ ಹಲ್ಲುಗಳನ್ನು ತೇಯುತ್ತದೆ. ಇಲ್ಲಿಗೆ ಒಣಹವೆಗೆಂದೇ ತಯಾರಾದ ತೆಳು ಎಣ್ಣೆ ಬೇಕು. ಪ್ರತಿ ಕೊಂಡಿಗೂ ಒಂದೊಂದು ಹನಿ ಬಿಟ್ಟು, ಹೊರಗಿನದನ್ನು ಬಟ್ಟೆಯಿಂದ ಪೂರ್ತಿ ಒರೆಸಬೇಕು. ಕೆಲಸ ಮಾಡುವುದು ಒಳಗಿನ ಎಣ್ಣೆ. ಹೊರಗಿನದು ಧೂಳಿಗೆ ಆಹ್ವಾನ.

ಚೈನು ಸವೆದಿದೆಯೇ ಎಂದು ಬಡಗಿಯ ಅಂಗುಲದ ಸ್ಕೇಲಿನಿಂದಲೇ ತಿಳಿಯಬಹುದು. ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಟ್ಟರೆ ಹೊಸ ಚೈನಿನಲ್ಲಿ 12 ಅಂಗುಲದ ಗೆರೆ ಇನ್ನೊಂದು ಪಿನ್ನಿನ ಮಧ್ಯಕ್ಕೆ ಸರಿಯಾಗಿ ಬರುತ್ತದೆ. ಆ ಪಿನ್ನು ಗೆರೆಯಿಂದ ಅಂಗುಲದ 16ನೆಯ ಒಂದು ಭಾಗ ಮುಂದೆ ಸರಿದಿದ್ದರೆ ಚೈನು ಸುಮಾರು ಶೇ. 0.5ರಷ್ಟು ಉದ್ದವಾಗಿದೆಯೆಂದು ಅರ್ಥ. ಹಿಂದೆ 11 ಅಥವಾ 12 ಹಲ್ಲುಚಕ್ರಗಳಿರುವ ಸೈಕಲ್ಲಿನಲ್ಲಿ ಆಗಲೇ ಚೈನು ಬದಲಿಸಬೇಕು. ತಡಮಾಡಿದರೆ ಚೈನಿಗಿಂತ ಹಲವು ಪಟ್ಟು ಬೆಲೆಯ ಹಲ್ಲುಚಕ್ರದ ಗೊಂಚಲೇ ಹಾಳಾಗುತ್ತದೆ.

ಇನ್ನು ಜಾಲಿಮುಳ್ಳು. ಟ್ಯೂಬು ತೆಗೆದು ಟಯರಿನೊಳಗೆ ಸೀಲೆಂಟ್ ದ್ರವ ಹಾಕುವ ಟ್ಯೂಬ್‌ಲೆಸ್ ಪದ್ಧತಿ ಇಲ್ಲಿ ವರದಾನ. ಈ ದ್ರವಗಳಲ್ಲಿ ಹಲವು ನಮಗೆ ಗೊತ್ತಿರುವ ರಬ್ಬರ್ ಹಾಲಿನಿಂದಲೇ ಆದವು. ಮುಳ್ಳು ಚುಚ್ಚಿದ ತೂತಿನಲ್ಲಿ ಹೆಪ್ಪುಗಟ್ಟಿ ಗಾಳಿ ನಿಲ್ಲಿಸುತ್ತವೆ. ಬಿಸಿಲಿನಲ್ಲಿ ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ನೋಡಿ ಮರಳಿ ತುಂಬಬೇಕು. 70 ಕಿಲೋ ತೂಕದ ಸವಾರನಿಗೆ 2.4 ಅಂಗುಲದ ಟ್ಯೂಬ್‌ಲೆಸ್ ಟಯರಿನಲ್ಲಿ 22ರಿಂದ 26 ಪೌಂಡು ಗಾಳಿ ಸಾಕು. ಹಿಂದಿನ ಚಕ್ರಕ್ಕೆ ಮುಂದಿನದಕ್ಕಿಂತ ಒಂದೆರಡು ಪೌಂಡು ಹೆಚ್ಚಿರಲಿ.

ಹೊಸ ಭಾಗಗಳ ಸರದಿ

ಇಷ್ಟೂ ಆರೈಕೆ ನಡೆದ ಮೇಲೆ ಹಣ ಉಳಿದರೆ ಈ ಸರದಿಯಲ್ಲಿ ವೆಚ್ಚ ಮಾಡುವುದು ಯುಕ್ತ:

1. ನೆಲಕ್ಕೆ ತಕ್ಕ ಟಯರು, ಟ್ಯೂಬ್‌ಲೆಸ್ ಜೋಡಣೆ.
2. ಒಳ್ಳೆಯ ಬ್ರೇಕ್ ಪ್ಯಾಡು. ಚೌಕಟ್ಟೂ ಫೋರ್ಕೂ ಒಪ್ಪಿದರೆ 160ರ ಬದಲು 180 ಮಿ.ಮೀ. ಡಿಸ್ಕು.
3. ಇಳಿಜಾರಿನಲ್ಲಿ ಲಿವರು ಒತ್ತಿದರೆ ಸೀಟು ತಗ್ಗುವ ಡ್ರಾಪರ್ ಕಂಬ.
4. ಹಳೆಯ ಫೋರ್ಕು, ಷಾಕುಗಳ ಪೂರ್ಣ ಸರ್ವಿಸು.
5. ಗೇರುಗಳು; ಅದೂ ಹಳೆಯವು ಸವೆದ ಮೇಲೆ.

ಚೌಕಟ್ಟಿಗೆ ಕಂಪನಿ ಗೊತ್ತುಪಡಿಸಿದ್ದಕ್ಕಿಂತ ಉದ್ದದ ಫೋರ್ಕು ಹಾಕಬಾರದು. ಹ್ಯಾಂಡಲಿನ ಕೊರಳಿನ ಮೇಲೆ ಭಾರ ಹೆಚ್ಚಿ ಚೌಕಟ್ಟು ಬಿರಿಯಬಹುದು. ಯಾವ ಭಾಗ ತರಿಸುವ ಮುನ್ನವೂ ಅಚ್ಚಿನ ಅಗಲ, ಹಬ್ಬಿನ ನಮೂನೆ, ಸೀಟುಕೊಳವೆಯ ವ್ಯಾಸ ಬರೆದಿಟ್ಟುಕೊಳ್ಳಿ.

ಇಡುವ ಜಾಗ

ನಮ್ಮ ಬೆಳೆಗಾರರಿಗೆಂದೇ ಒಂದು ಎಚ್ಚರಿಕೆ. ಮೈಲುತುತ್ತ, ಪೊಟ್ಯಾಷ್ ಗೊಬ್ಬರ ಇಟ್ಟ ಕೋಣೆಯಲ್ಲಿ ಸೈಕಲ್ಲು ಇಡಬೇಡಿ. ಸುಣ್ಣ ಕಡಿಮೆಯಾದ ಬೋರ್ಡೋದಲ್ಲಿ ಚೂರಿ ಅದ್ದಿದರೆ ತಾಮ್ರ ಹಿಡಿಯುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಮೈಲುತುತ್ತ ತೇವದಲ್ಲಿ ಅಲ್ಯುಮಿನಿಯಂ ಚೌಕಟ್ಟನ್ನೂ ಉಕ್ಕಿನ ಬೋಲ್ಟನ್ನೂ ತಿನ್ನುತ್ತದೆ. ಔಷಧಿ ಹೊಡೆದ ದಿನ ತೋಟದೊಳಗೆ ಓಡಿಸಿದ್ದರೆ ಅಂದೇ ನೀರಿನಿಂದ ತೊಳೆದು ಒರೆಸಬೇಕು.

ಆರೈಕೆಯ ವೇಳಾಪಟ್ಟಿ

ಪ್ರತಿ ಸವಾರಿಗೆ ಮುನ್ನ: ಬ್ರೇಕು, ಟಯರಿನ ಗಾಳಿ, ಚಕ್ರದ ಅಚ್ಚು.
ಪ್ರತಿ ಸವಾರಿಯ ಬಳಿಕ: ಫೋರ್ಕು, ಷಾಕುಗಳ ಕೊಳವೆ ಒರೆಸುವುದು; ಚೈನು ಒರೆಸಿ ಎಣ್ಣೆ.
ತಿಂಗಳಿಗೊಮ್ಮೆ: ಕೀಲುಗಳ ಸಡಿಲ, ಬೋಲ್ಟುಗಳ ಬಿಗಿ, ಚೈನಿನ ಅಳತೆ, ಪ್ಯಾಡಿನ ದಪ್ಪ, ಷಾಕಿನ ಗಾಳಿ.
ಮುಂಗಾರಿಗೆ ಮುನ್ನ: ಫೋರ್ಕಿನ ಎಣ್ಣೆ, ಸೀಲು, ಕೀಲುಗಳಿಗೆ ಗ್ರೀಸು.
ಮಳೆಗಾಲ ಮುಗಿದ ಮೇಲೆ: ಎಲ್ಲ ಬೇರಿಂಗುಗಳ ತಪಾಸಣೆ; ಫೋರ್ಕಿನ ಎಣ್ಣೆ ಬೆಳ್ಳಗಾಗಿದ್ದರೆ ಬದಲಾವಣೆ.

ಈ ಪಟ್ಟಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಿ, ಕೆಲಸವನ್ನು ಮಕ್ಕಳಿಂದಲೇ ಮಾಡಿಸಿ. ಒಂದು ವರ್ಷ ಈ ಕ್ರಮದಲ್ಲಿ ಸೈಕಲ್ಲು ನೋಡಿಕೊಂಡ ಹುಡುಗ ಅಥವಾ ಹುಡುಗಿ ಹೊಸ ಭಾಗ ಕೇಳಿದರೆ ಆ ಕೋರಿಕೆಗೆ ತೂಕವಿದೆಯೆಂದು ತಿಳಿಯಬಹುದು. ಮುಂದಿನ ಮಳೆಗಾಲಕ್ಕೆ ನಿಮ್ಮ ಮನೆಯ ಔಷಧಿ ಪಂಪಿನ ವಾಷರನ್ನು ಅವರೇ ಬದಲಿಸಿಕೊಟ್ಟರೂ ಆಶ್ಚರ್ಯವಿಲ್ಲ.