ಗರ್ಭಿಣಿಯರ ಊಟದಲ್ಲಿ 'ಸಿ' ಜೀವಸತ್ವ

'ಸಿ' ಜೀವಸತ್ವದ ರಾಸಾಯನಿಕ ನಾಮ ಆಸ್ಕಾರ್ಬಿಕ್ ಆಮ್ಲ. ಅನೇಕ ಪ್ರಾಣಿಗಳು ಇದನ್ನು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮಾನವನಿಗೆ ಆ ಶಕ್ತಿಯಿಲ್ಲ. ಆಹಾರದಿಂದಲೇ ಇದು ದೊರೆಯಬೇಕು. ತೀವ್ರ ಕೊರತೆಯಾದರೆ ವಸಡುಗಳು ಊದಿ ರಕ್ತ ಸೋರುವ ಸ್ಕರ್ವಿ ರೋಗ ಬರುತ್ತದೆ. ಗಾಯಗಳು ಬೇಗನೆ ಮಾಯುವುದಿಲ್ಲ.

ಆದರೆ ಗರ್ಭಿಣಿಯರಿಗೆ ಇದರಿಂದಾಗುವ ಮುಖ್ಯ ಉಪಕಾರ ಬೇರೆಯೇ ಇದೆ. ಸೊಪ್ಪು, ರಾಗಿ, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ಕರುಳು ಸುಲಭವಾಗಿ ಹೀರಿಕೊಳ್ಳಲಾರದು. ಅದೇ ಊಟದಲ್ಲಿ 'ಸಿ' ಜೀವಸತ್ವವಿದ್ದರೆ ಆ ಕಬ್ಬಿಣವು ಹೀರಲು ಯೋಗ್ಯವಾದ ರೂಪಕ್ಕೆ ಮಾರ್ಪಡುತ್ತದೆ. ರಕ್ತಹೀನತೆಯುಳ್ಳ ತಾಯಿಗೆ ಹೆರಿಗೆಯ ರಕ್ತಸ್ರಾವವು ಪ್ರಾಣಾಪಾಯಕರವಾದೀತೆಂಬುದನ್ನು ನೆನೆದರೆ, ಒಂದು ಹೋಳು ನಿಂಬೆಯ ಬೆಲೆ ತಿಳಿಯುತ್ತದೆ.

ಈ ಸತ್ವವು ನೀರಿನಲ್ಲಿ ಕರಗುತ್ತದೆ, ಕಾವಿಗೆ ನಾಶವಾಗುತ್ತದೆ. ಆದುದರಿಂದ ಸೊಪ್ಪನ್ನು ತೊಳೆದ ನಂತರವೇ ಹೆಚ್ಚಿರಿ. ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರಿಗೆ ಬಳಸಿರಿ. ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ. ನಿಂಬೆರಸವನ್ನು ಸಾರು ಇಳಿಸಿದ ಮೇಲೆ ಹಿಂಡಿರಿ.

ಗರ್ಭಿಣಿಗೆ ದಿನಕ್ಕೆ 80 ಮಿಲಿಗ್ರಾಂ ಸಾಕು. 100 ಗ್ರಾಂ ಸೀಬೆಹಣ್ಣಿನಲ್ಲಿಯೇ ಸುಮಾರು 200 ಮಿಲಿಗ್ರಾಂ ಇದೆ. ನೆಲ್ಲಿಕಾಯಿಯೂ ಬಹು ಉತ್ತಮ. ಕಿತ್ತಳೆಯನ್ನೇ ಕೊಳ್ಳಬೇಕೆಂದಿಲ್ಲ. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಚಹಾದೊಡನೆ ನುಂಗಬೇಡಿರಿ. ಅವು ಕಬ್ಬಿಣವನ್ನು ರಕ್ತಕ್ಕೆ ಸೇರಗೊಡುವುದಿಲ್ಲ.