ಕಣ್ಣುಗುಳಿಯ ಗಂಟು, ಅವಸರದ ಗುಳಿಗೆ

ರೆಪ್ಪೆಯ ಹೊರಮೂಲೆ ಉಬ್ಬಿ ತಿಂಗಳಾದರೂ ಇಳಿಯದಿದ್ದಾಗ ಕಮಲಾಪುರದ ಕಡೆ ಮೊದಲು ಬರುವ ಮಾತು: 'ಕಣ್ಣ ಬಂದಾವ, ಹನಿ ಹಾಕ್ರಿ.' ಕಣ್ಣು ಬಂದರೆ ಗೀಜು ಕಟ್ಟುತ್ತದೆ, ವಾರ ಎರಡು ವಾರದಲ್ಲಿ ಇಳಿಯುತ್ತದೆ. ಗಟ್ಟಿಯಾಗಿ ಕೂತ ಉಬ್ಬಿನ ಕತೆ ಬೇರೆ. ಆ ಮೂಲೆಯಲ್ಲಿರುವುದು ಕಣ್ಣೀರಿನ ಗ್ರಂಥಿ. ಸಾರ್ಕಾಯ್ಡೋಸಿಸ್ ಕಣ್ಣುಗುಳಿಗೆ ಬಂದಾಗ ಹೆಚ್ಚಾಗಿ ಹಿಡಿಯುವುದು ಅದನ್ನೇ.

ಸಾರ್ಕಾಯ್ಡೋಸಿಸ್ ಕ್ಯಾನ್ಸರ್ ಅಲ್ಲ, ಅಂಟುವ ರೋಗವೂ ಅಲ್ಲ. ದೇಹದ ರಕ್ಷಣಾ ಕೋಶಗಳೇ ಗುಂಪುಗೂಡಿ ಸಣ್ಣ ಗಂಟು ಕಟ್ಟುತ್ತವೆ, ಅದೂ ಹೆಚ್ಚಾಗಿ ಎದೆಯಲ್ಲಿ. ಕಣ್ಣು ತೋರಿಸಲು ಹೋದವರಿಗೆ ಎದೆಯ ಎಕ್ಸ್‌-ರೇ ಬರೆದುಕೊಟ್ಟರೆ ಗೊಣಗಬೇಕಾಗಿಲ್ಲ.

'ಸ್ಟೀರಾಯ್ಡ್ ಗುಳಿಗಿಗೆ ಬಾವು ಇಳೀತು, ಅಂದ್ರ ಸಾರ್ಕಾಯ್ಡೇ' ಎಂಬ ತೀರ್ಮಾನ ನನಗೆ ಎಲ್ಲಕ್ಕಿಂತ ಅಪಾಯಕಾರಿ ಎನಿಸುತ್ತದೆ. ಸ್ಟೀರಾಯ್ಡಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಕೂಡ ಕೆಲಕಾಲ ಕುಗ್ಗುತ್ತದೆ. ಆಮೇಲೆ ಬಯಾಪ್ಸಿ ಮಾಡಿದರೆ, ಅಂದರೆ ತುಣುಕು ತೆಗೆದು ಪರೀಕ್ಷಿಸಿದರೆ, ರೋಗದ ಗುರುತೇ ಸರಿಯಾಗಿ ಸಿಗದು. ಕ್ಷಯವೂ ಇಂಥದೇ ಗಂಟು ಕಟ್ಟುತ್ತದೆ, ಬರೀ ಸ್ಟೀರಾಯ್ಡ್ ಕೊಟ್ಟರೆ ಕೆರಳುತ್ತದೆ. ನಮ್ಮ ನಾಡಿನಲ್ಲಿ ಕ್ಷಯವನ್ನು ತಳ್ಳಿಹಾಕದೆ ಸಾರ್ಕಾಯ್ಡ್ ಎನ್ನುವಂತಿಲ್ಲ.

ಆದ್ದರಿಂದ ಮೊದಲು ತುಣುಕು, ಆಮೇಲೆ ಗುಳಿಗೆ. 'ಕಣ್ಣಿಗೆ ಕತ್ತರಿ ಹಾಕಿದರ ಕಣ್ಣ ಹೋಗ್ತದ' ಎಂದು ಹಿಂಜರಿಯುವವರು ಬಹಳ. ಸಾಮಾನ್ಯವಾಗಿ ರೆಪ್ಪೆಯ ಮಡಿಕೆಯಲ್ಲೇ ಸಣ್ಣದಾಗಿ ಕೊಯ್ದು ಗ್ರಂಥಿಯ ಚೂರು ತೆಗೆಯುತ್ತಾರೆ; ಗುಡ್ಡೆಗೆ ಕೈಹಚ್ಚುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಗಂಟಿನ ನಡುವೆ ಗಿಣ್ಣಿನಂತೆ ಕೊಳೆತ ಭಾಗ ಕಂಡರೆ ಕ್ಷಯದ ಶಂಕೆ ಬಲವಾಗುತ್ತದೆ. ಕಾಣದಿದ್ದರೂ ಕ್ಷಯದ ಜೀವಾಣುವಿಗಾಗಿ ಬಣ್ಣ ಹಾಕಿ ಹುಡುಕಲೇಬೇಕು. ಸಾರ್ಕಾಯ್ಡಿನ ಸುಳಿವಿಗಾಗಿ ಮಾಡುವ ರಕ್ತದ ಎಸಿಇ ಪರೀಕ್ಷೆ ನಾರ್ಮಲ್ ಬಂತೆಂದು ಮನೆಗೆ ಹೋಗುವುದೂ ತಪ್ಪು. ರೋಗವಿದ್ದೂ ಅದು ನಾರ್ಮಲ್ ಇರಬಹುದು. ಕಣ್ಣು, ಎದೆ, ರೋಗಶಾಸ್ತ್ರದವರು ಕೂಡಿ ನೋಡಬೇಕಾದ ಕಾಯಿಲೆಯಿದು. ಕಲಬುರಗಿಯ ಜಿಮ್ಸ್, ಬಸವೇಶ್ವರದಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಹೋಗಿ ಎನ್ನುವುದು ಅದಕ್ಕೇ.

ಕಾಯಲಾಗದ ಸಂದರ್ಭವೂ ಒಂದಿದೆ. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಮುಂದಿಟ್ಟು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬಾತ ಕಣ್ಣಿಗೆ ಮಾತ್ರ ಕೆಂಪು ಮಾಸಿದಂತೆ ಕಂಡರೆ ದೃಷ್ಟಿನರ ಒತ್ತಿರಬಹುದು. ಅಂದೇ ಆಸ್ಪತ್ರೆಗೆ ಹೊರಡಬೇಕು.

ರೋಗ ಖಚಿತವಾದ ಮೇಲೆ ಸ್ಟೀರಾಯ್ಡೇ ಮುಖ್ಯ ಔಷಧ. ತಿಂಗಳುಗಟ್ಟಲೆ ನುಂಗಿ, ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು; ಸಕ್ಕರೆ ಕಾಯಿಲೆಯವರು ಸಕ್ಕರೆ ನೋಡಿಸುತ್ತಿರಬೇಕು. ಜೊತೆಗೆ ಮೆಥೊಟ್ರೆಕ್ಸೇಟ್ ಬರೆದಿದ್ದರೆ ಅದು ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿದರೆ ಜೀವಕ್ಕೇ ಕುತ್ತು. 'ಎಲುಬಿಗೆ ಛಲೋ' ಎಂದು ಅಂಗಡಿಯಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ತಂದುಕೊಳ್ಳುವುದೂ ಬೇಡ: ಈ ಗಂಟುಗಳು ತಾವೇ ವಿಟಮಿನ್ ಡಿಯನ್ನು ಚುರುಕಾದ ರೂಪಕ್ಕೆ ತಿರುಗಿಸಿ ರಕ್ತದ ಕ್ಯಾಲ್ಸಿಯಂ ಏರಿಸಬಲ್ಲವು.